ಆ ಹುಡುಗಿಗೆ ನಾನು ಕೊಡಿಸಿದ ಮೂರು ವರ್ಷ

ಮಾನ್ವಿಯ ಕಾಲೇಜೊಂದರಲ್ಲಿ ನಾನು ದೈಹಿಕ ಶಿಕ್ಷಣದ ಮೇಡಮ್. ಹುಡುಗಿಯರ ಕಬಡ್ಡಿಗೆ ರೆಫರಿಯಾಗಿಯೂ ಹೋಗುತ್ತೇನೆ. ನಮ್ಮ ಕಡೆ ಸೀಟಿ ಹಿಡಿದು ಅಂಕಣದಲ್ಲಿ ನಿಲ್ಲುವ ಹೆಂಗಸರು ಕಡಿಮೆ. ಅದರ ಜಂಬ ನನಗಿತ್ತು. ಕಾಲೇಜಿನ ಶಿಸ್ತು ಸಮಿತಿಯಲ್ಲೂ ನಾನಿದ್ದೇನೆ. ಯಾರಿಗೆ ಎಷ್ಟು ಶಿಕ್ಷೆ ಎಂದು ತೀರ್ಮಾನಿಸುವ ಮೇಜಿನ ಈಚೆ ಬದಿಯಲ್ಲೇ ನನ್ನ ಹೆಚ್ಚಿನ ನೌಕರಿ ಕಳೆದಿದೆ. ಆಚೆ ಬದಿಯಲ್ಲಿ ಕುಳಿತ ಒಬ್ಬಳಿಗೆ ನಾನು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ರಾಯಚೂರಿನಲ್ಲಿ ಅಂತರ ಕಾಲೇಜು ಕಬಡ್ಡಿಯ ಫೈನಲ್ ಇತ್ತು. ದೇವದುರ್ಗದ ಕಾಲೇಜು ಒಂದು ಕಡೆ, ರಾಯಚೂರು ನಗರದ ಕಾಲೇಜು ಇನ್ನೊಂದು ಕಡೆ. ಫೈನಲ್ಲಿಗೆ ಮುಖ್ಯ ರೆಫರಿಯಾಗಿ ನಿಂತದ್ದು ನನಗೆ ಅದೇ ಮೊದಲು. ದೇವದುರ್ಗದ ತಂಡದಲ್ಲಿ ಒಬ್ಬ ರೈಡರ್ ಇದ್ದಳು. ಬಿ.ಎ. ಕೊನೆಯ ವರ್ಷ, ಕುರಿ ಕಾಯುವವರ ಮನೆಯ ಹುಡುಗಿ. ಅಪ್ಪ ವರ್ಷದ ಬಹುಪಾಲು ಹಿಂಡಿನ ಹಿಂದೆಯೇ ಇರುತ್ತಿದ್ದ. ಮನೆ ನಡೆಸುವವಳು ಕೂಲಿಗೆ ಹೋಗುವ ತಾಯಿ. ಆಟದ ಕೋಟಾದಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದು ಈ ಹುಡುಗಿ ಬೆಳಗಿನ ಜಾವ ಎದ್ದು ಓಡುತ್ತಾಳೆ ಎಂದು ಅವಳ ಕಾಲೇಜಿನವರು ಹೇಳುತ್ತಿದ್ದರು. ಬೇರೆಯವರು ರೈಡಿಗೆ ಹೋದಾಗ ‘ಕಬಡ್ಡಿ ಕಬಡ್ಡಿ’ ಎಂದು ಕೂಗುತ್ತಾರೆ. ಇವಳು ತನ್ನೊಳಗೇ ಗೊಣಗಿಕೊಂಡ ಹಾಗೆ ಅನ್ನುತ್ತಿದ್ದಳು. ಆದರೆ ಒಂದೇ ಉಸಿರಿನಲ್ಲಿ ಅನ್ನಬೇಕಾದ ಆ ದಮ್ಮು ಅವಳಲ್ಲಿ ಮಧ್ಯದಲ್ಲಿ ನಿಂತದ್ದನ್ನು ನಾನು ನೋಡಿರಲಿಲ್ಲ.

ಕೊನೆಯ ರೈಡ್ ಅವಳದ್ದು. ತಂಡ ಒಂದು ಅಂಕ ಹಿಂದಿತ್ತು. ಇಬ್ಬರನ್ನು ಮುಟ್ಟಿದಳು, ಮೂವರು ಮೇಲೆ ಬಿದ್ದು ಹಿಡಿದರು. ಮಣ್ಣಿನಲ್ಲಿ ತೆವಳುತ್ತ ಬಂದು ಕೈ ಚಾಚಿ ಮಧ್ಯದ ಗೆರೆ ಮುಟ್ಟಿದಳು. ನೋಡಲು ಬಂದವರ ಗದ್ದಲದಲ್ಲಿ ಅವಳ ದಮ್ಮು ನನಗೆ ಕೇಳಿಸಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ತಡಮಾಡುವ ಹಾಗಿರಲಿಲ್ಲ. ಸೀಟಿ ಊದಿ, ದಮ್ಮು ಮುರಿದಿದೆ, ರೈಡರ್ ಔಟ್ ಎಂದೆ. ನಗರದ ಕಾಲೇಜು ಗೆದ್ದಿತು.

ಅವಳು ಎದ್ದು ನೇರವಾಗಿ ನನ್ನ ಎದುರು ಬಂದಳು. ಮೊಣಕೈ ಕಿತ್ತು ರಕ್ತ ಬರುತ್ತಿತ್ತು.

“ದಮ್ಮು ಎಲ್ಲಿ ಕಟ್ಟಾತ್ರೀ ಮೇಡಮ್? ನನ್ನ ಬಾಯಿ ನಿಂತಿಲ್ಲ.”

“ಕಟ್ಟಾತು. ಹೊರಗ ನಡಿ.”

“ನಿಮಗ ಕೇಳಿಸಿಲ್ರೀ. ಕೇಳಿಸಿಲ್ಲ ಅನ್ರಿ, ಕಟ್ಟಾತು ಅನಬ್ಯಾಡ್ರಿ.”

ಅವಳು ಹೇಳಿದ್ದು ಸರಿಯಾಗಿತ್ತು. ಸರಿ ಎನ್ನುವುದು ನನಗೆ ಆ ಕ್ಷಣಕ್ಕೇ ಗೊತ್ತಿತ್ತು. ಅದಕ್ಕೇ ಸಿಟ್ಟು ಬಂತು. ಎಚ್ಚರಿಕೆಯ ಹಸಿರು ಕಾರ್ಡ್ ತೋರಿಸಿದೆ. ಅವಳು ಕದಲಲಿಲ್ಲ. ಅವಳ ಮುಖಕ್ಕೆ ತಾಗುವ ಹಾಗೆ ಮತ್ತೊಮ್ಮೆ ಸೀಟಿ ಊದಿದೆ. ಅವಳು ಕೈ ಹಾಕಿ ಆ ಸೀಟಿಯನ್ನು ಹಿಡಿದು ಎಳೆದಳು. ನನ್ನ ಕೊರಳಲ್ಲಿದ್ದ ದಾರ ಹರಿಯಿತು. ಸುತ್ತ ನಿಂತ ಜನ ಹೋ ಎಂದು ನಕ್ಕರು. ಅವಳು ಸೀಟಿಯನ್ನು ನನ್ನ ಕೈಗೇ ಕೊಟ್ಟು ಹೊರಗೆ ನಡೆದಳು. ಕೆಂಪು ಕಾರ್ಡನ್ನು ನಾನು ಅವಳ ಬೆನ್ನಿಗೆ ತೋರಿಸಿದೆ. ಜನ ಅದಕ್ಕೂ ನಕ್ಕರು.

ಕೆಂಪು ಕಾರ್ಡ್ ಕೊಟ್ಟ ಮೇಲೆ ರೆಫರಿ ವರದಿ ಬರೆಯಬೇಕು. ಶಾಮಿಯಾನದ ಕೆಳಗೆ ಕುಳಿತು ಬರೆಯುತ್ತಿದ್ದಾಗ ಜಿಲ್ಲಾ ಕಬಡ್ಡಿ ಸಂಸ್ಥೆಯ ಶಿಸ್ತು ಸಮಿತಿಯ ಸಂಚಾಲಕರು ಬಂದು ಪಕ್ಕದ ಕುರ್ಚಿ ಎಳೆದುಕೊಂಡರು. ನಿವೃತ್ತ ಮಾಸ್ತರರು, ಎಲ್ಲ ಕಾಲೇಜುಗಳವರಿಗೂ ಬೇಕಾದವರು.

“ಏನ್ ಬರದೀರಿ?”

“ಸೀಟಿ ಹಿಡದು ಎಳೆದಳು ಅಂತ ಬರದೀನ್ರೀ ಸರ್.”

“ಎಳೆದಳು ಅಂದ್ರ ಅಸಭ್ಯ ವರ್ತನೆ. ಎರಡು ಮ್ಯಾಚ್ ಹೊರಗ ಕೂಡ್ತಾಳ. ಆಮ್ಯಾಲ ಅಪೀಲ್ ಹಾಕ್ತಾಳ, ದಮ್ಮು ಮುರದಿತ್ತೋ ಇಲ್ಲೋ ಅಂತ ನಿಮ್ಮನ್ನ ಕೇಳ್ತಾರ.” ಚಹಾ ಹೀರಿದರು. “ಕುತ್ತಿಗಿ ಹಿಸುಕಿದಳು ಅಂದ್ರ ಹಲ್ಲೆ. ಮೂರು ವರ್ಷ. ಹಲ್ಲೆ ಆದಲ್ಲಿ ಆಟದ ಮಾತೇ ಬರಂಗಿಲ್ಲ. ನಾ ಹಿಂಗ ಬರೀರಿ ಅನ್ನಂಗಿಲ್ಲ. ಪೆನ್ನು ನಿಮ್ಮ ಕೈಯಾಗ ಅದ.”

ಆ ವರ್ಷ ರಾಜ್ಯಮಟ್ಟದ ರೆಫರಿಗಳ ಪಟ್ಟಿ ತಯಾರಾಗುವುದಿತ್ತು. ಫೈನಲ್ಲಿನಲ್ಲಿ ತಪ್ಪು ತೀರ್ಪು ಕೊಟ್ಟವಳ ಹೆಸರು ಅದರಲ್ಲಿ ಬರುವುದಿಲ್ಲ. ಹಾಗೆಂದು ಪಟ್ಟಿಯ ಆಸೆಗಷ್ಟೇ ಬರೆದೆ ಎಂದರೆ ಅದೂ ಸುಳ್ಳು. ಆ ನಗು ಇನ್ನೂ ಕಿವಿಯಲ್ಲಿತ್ತು. ನಕ್ಕವರಿಗೆ ನಾನೇನೂ ಮಾಡುವ ಹಾಗಿರಲಿಲ್ಲ, ಇವಳಿಗೆ ಮಾಡಬಹುದಿತ್ತು. ಬರೆದದ್ದನ್ನು ಹೊಡೆದುಹಾಕಲಿಲ್ಲ, ಹೊಸ ಹಾಳೆ ಕೇಳಿ ತೆಗೆದುಕೊಂಡೆ. ‘ರೆಫರಿಯ ಕುತ್ತಿಗೆ ಹಿಸುಕಲು ಯತ್ನಿಸಿದಳು’ ಎಂದು ದುಂಡಗೆ ಬರೆದು ಸಹಿ ಮಾಡಿದೆ. ದಾರ ಎಳೆದು ಕೊರಳ ಮೇಲೆ ಮೂಡಿದ್ದ ಕೆಂಪು ಗೆರೆ ಮರುದಿನ ಮುಖ ತೊಳೆಯುವಷ್ಟರಲ್ಲಿ ಮಾಯವಾಗಿತ್ತು.

ವಿಚಾರಣೆಗೆ ಹದಿನೈದು ದಿನಗಳ ನಂತರ ರಾಯಚೂರಿಗೆ ಕರೆದರು. ತಾಯಿ ಮಗಳು ದೇವದುರ್ಗದಿಂದ ಬೆಳಿಗ್ಗೆಯ ಬಸ್ಸಿಗೆ ಬಂದು ಹತ್ತು ಗಂಟೆಗೇ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಹುಡುಗಿಯೊಬ್ಬಳನ್ನೇ ಒಳಗೆ ಕರೆದದ್ದು ಮಧ್ಯಾಹ್ನ ಮೂರಾದ ಮೇಲೆ. ಆದೇಶ ಅದಾಗಲೇ ಟೈಪ್ ಆಗಿ ಸಂಚಾಲಕರ ಮುಂದಿನ ಕಡತದಲ್ಲಿತ್ತು. ತಾರೀಖಿನ ಜಾಗ ಮಾತ್ರ ಖಾಲಿ. ಇದು ನನಗೆ ಹೊಸದಲ್ಲ. ನಮ್ಮ ಕಾಲೇಜಿನ ಸಮಿತಿಯಲ್ಲೂ ಹಾಗೇ. ಮೊದಲು ಶಿಕ್ಷೆ ಬರೆದಿಡುತ್ತೇವೆ, ಆಮೇಲೆ ಹುಡುಗರನ್ನು ಕರೆದು ‘ನಿನಗೇನು ಹೇಳೋದಿದೆ’ ಎಂದು ಕೇಳುತ್ತೇವೆ.

ಹುಡುಗಿ ಬರೆದುಕೊಂಡು ಬಂದಿದ್ದ ಉತ್ತರವನ್ನು ಯಾರೂ ಓದಲಿಲ್ಲ. ಅವಳು ನನ್ನನ್ನೇ ಒಂದು ಪ್ರಶ್ನೆ ಕೇಳಬೇಕೆಂದಳು. ಸಂಚಾಲಕರು ಗಡಿಯಾರ ನೋಡಿ ಕೇಳು ಎಂದರು.

“ಮೇಡಮ್, ಅವತ್ತು ನನ್ನ ದಮ್ಮು ನಿಮಗ ಕೇಳಿಸಾಕತ್ತಿತ್ತೇನ್ರೀ?”

“ಕೇಳಿಸಾಕತ್ತಿರಲಿಲ್ಲ” ಎಂದೆ. “ಅದಕ್ಕs ಔಟ್ ಕೊಟ್ಟೆ.”

ಅಕ್ಷರಶಃ ನಿಜವನ್ನೇ ಹೇಳಿದ್ದೆ. ಗದ್ದಲವಿತ್ತು ಎನ್ನುವುದನ್ನು ಬಿಟ್ಟಿದ್ದೆ, ಅಷ್ಟೇ. ಅವಳಿಗೆ ಅದು ಅರ್ಥವಾಯಿತು. ಮೂರು ವರ್ಷ ಆಡುವಂತಿಲ್ಲ, ಯಾವ ತಂಡದ ಜೊತೆಗೂ ಇರುವಂತಿಲ್ಲ ಎಂದು ಸಂಚಾಲಕರು ಆದೇಶ ಓದಿದರು.

ಹೊರಗೆ ತಾಯಿ ಏನಾಯಿತೆಂದು ಜವಾನನನ್ನು ಕೇಳಿದಳು. ಅವನು, ನಿನ್ನ ಮಗಳು ಮೇಡಮ್ಮಿನ ಕುತ್ತಿಗಿ ಹಿಸುಕ್ಯಾಳಂತ ಎಂದ. ಆ ಹೆಂಗಸಿಗೆ ಓದು ಬರುತ್ತಿರಲಿಲ್ಲ. ಇಷ್ಟು ದೊಡ್ಡ ಮಂದಿ ಕುಳಿತು ಬರೆದದ್ದು ಸುಳ್ಳಿರುತ್ತದೆ ಎಂದು ಅವಳಿಗೆ ಹೊಳೆಯಲೂ ಇಲ್ಲ. ಮಗಳ ಜಡೆ ಹಿಡಿದು ಅಲ್ಲೇ ಪಡಸಾಲೆಯಲ್ಲಿ ಬಡಿದಳು. ಹುಡುಗಿ ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬಡಿದು ಸುಸ್ತಾದ ತಾಯಿ ಬಂದು ನನ್ನ ಕಾಲಿಗೆ ಬಿದ್ದಳು.

“ಹೊಟ್ಟಿಗೆ ಹಾಕ್ಕೋರಿ ಯವ್ವಾ. ಹಿಂಗ ಬೆಳಿಸಿಲ್ರೀ ಆಕಿನ್ನ ನಾನು.”

“ಆಗಲಿ, ಏಳ್ರಿ” ಎಂದೆ ನಾನು. ಹುಡುಗಿ ಮಾಡದ ತಪ್ಪನ್ನು ಅವಳ ತಾಯಿಯ ಎದುರು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ. ನಾನು ಮಾಡಿದ್ದರಲ್ಲೆಲ್ಲ ಅತಿ ಹೀನವಾದದ್ದು ಇದು. ವರದಿಗಿಂತಲೂ ಹೀನವಾದದ್ದು.

ಆದೇಶದ ಪ್ರತಿ ಅವಳ ಕಾಲೇಜಿಗೆ ಹೋಯಿತು. ಅಲ್ಲಿಯ ಶಿಸ್ತು ಸಮಿತಿ ಅದೇ ತಪ್ಪಿಗೆ ಇನ್ನೊಂದು ಶಿಕ್ಷೆ ಕೊಟ್ಟಿತು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ನಿಂತು ತಪ್ಪೊಪ್ಪಿಗೆ ಓದಿಸಿದರು. ಕಾಲೇಜು ಬಿಡುವಾಗ ಕೊಡುವ ಪತ್ರದಲ್ಲಿ ನಡತೆ ಎಂಬಲ್ಲಿ ‘ತೃಪ್ತಿಕರವಲ್ಲ’ ಎಂದು ಬರೆದರು. ಆ ಪತ್ರ ಹಿಡಿದು ಅವಳು ಪೊಲೀಸ್ ಭರ್ತಿಗೆ ಹೋಗಲೇ ಇಲ್ಲ ಎಂದು ಅಲ್ಲಿಯ ದೈಹಿಕ ಶಿಕ್ಷಕರು ಮುಂದೊಮ್ಮೆ ಮಾತಿನ ನಡುವೆ ಹೇಳಿದರು. ಅಷ್ಟರಲ್ಲಿ ನನ್ನ ಹೆಸರು ರಾಜ್ಯದ ಪಟ್ಟಿಗೆ ಸೇರಿತ್ತು.

ಎರಡೂವರೆ ವರ್ಷದ ಮೇಲೆ ಮಾನ್ವಿಯಲ್ಲಿ ಹಳ್ಳಿ ಹುಡುಗಿಯರ ಕಬಡ್ಡಿ ಪಂದ್ಯ ಏರ್ಪಡಿಸಿದ್ದರು. ಹಿರೇಕೊಟ್ನೆಕಲ್ ತಂಡದ ಬೆಂಚಿನ ಮೇಲೆ ಅವಳು ಕುಳಿತಿದ್ದಳು. ಆ ಊರಿಗೆ ಮದುವೆಯಾಗಿ ಬಂದಿದ್ದಳಂತೆ. ಸಂಜೆ ಹೊಲದಿಂದ ಬಂದ ಮೇಲೆ ಹುಡುಗಿಯರಿಗೆ ಆಟ ಕಲಿಸುತ್ತಿದ್ದಳಂತೆ. ಅತಿಥಿಯಾಗಿ ಬಂದಿದ್ದ ಸಂಚಾಲಕರು ಅವಳನ್ನು ಗುರುತು ಹಿಡಿದರು.

“ಆಕಿಗೆ ಇನ್ನೂ ನಿಷೇಧ ಅದ. ಬೆಂಚಿನ ಮ್ಯಾಲ ಕೂಡಂಗಿಲ್ಲ. ನೀವs ಹೋಗಿ ಹೇಳ್ರಿ.”

ಹೋದೆ. ಹೋಗದೆ ಇರಬಹುದಿತ್ತು.

“ಎದ್ದು ಹೊರಗ ಹೋಗಬೇಕಾಗ್ತದವ್ವಾ.”

“ನಾ ಆಡಾಕ ಬಂದಿಲ್ರೀ ಮೇಡಮ್. ಹುಡುಗ್ಯಾರಿಗೆ ನೀರು ಕೊಡಾಕ ಬಂದೀನಿ.”

“ನೀರೂ ಕೊಡಂಗಿಲ್ಲ. ನಿಯಮ ಹಂಗದ.”

ಕೈಯಲ್ಲಿದ್ದ ಬಾಟಲಿಯನ್ನು ತಂಡದ ನಾಯಕಿಗೆ ಕೊಟ್ಟು ಗೇಟಿನ ಆಚೆ ಹೋಗಿ ನಿಂತಳು. ಹುಡುಗಿಯರು ಆಡುತ್ತ ಆಡುತ್ತ ಗೇಟಿನ ಕಡೆಗೇ ನೋಡಿ ಕೆಟ್ಟದಾಗಿ ಸೋತರು. ಊಟದ ಹೊತ್ತಿಗೆ ನಾನು ಆ ಗೇಟಿನ ಮಗ್ಗುಲಲ್ಲಿ ಹಾದುಹೋಗುತ್ತಿದ್ದೆ. ಅವರೆಲ್ಲ ಬೇವಿನ ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ಅವರಲ್ಲಿ ಒಬ್ಬಳು ಕೇಳಿದಳು:

“ಅಕ್ಕಾ, ನೀ ಖರೇನ ಆ ಮೇಡಮ್ಮಿನ ಕುತ್ತಿಗಿ ಹಿಸುಕಿದ್ದೇನ?”

“ಹ್ಞೂಂ” ಎಂದಳು. “ಈಗ ರೊಟ್ಟಿ ತಿನ್ರಿ.”

ಇಲ್ಲ ಎಂದು ಹೇಳಿ ಹೇಳಿ ಸಾಕಾದ ಧ್ವನಿ ಅದು. ಸುಳ್ಳನ್ನು ಹುಟ್ಟಿಸಿದವಳು ನಾನು. ಈಗ ಅವಳೇ ಅದನ್ನು ಒಪ್ಪಿಕೊಂಡು ರೊಟ್ಟಿ ಮುರಿಯುತ್ತಿದ್ದಳು.

ಆ ವಾರವೇ ಇದ್ದದ್ದು ಇದ್ದ ಹಾಗೆ ಒಂದು ಪತ್ರ ಬರೆದು ರಾಯಚೂರಿಗೆ ಒಯ್ದೆ. ಸಂಚಾಲಕರು ನಿಧಾನವಾಗಿ ಓದಿ ಮೇಜಿನ ಮೇಲಿಟ್ಟರು.

“ಇದನ್ನ ತಗೊಂಡ್ರ ಮೊದಲ ನಿಮ್ಮ ಮ್ಯಾಲ ಕ್ರಮ ತಗೋಬೇಕಾಗ್ತದ, ಮೇಡಮ್. ಪಟ್ಟಿಂದ ನಿಮ್ಮ ಹೆಸರು ಹೋಗ್ತದ, ಕಾಲೇಜಿಗೂ ಬರೀಬೇಕಾಗ್ತದ. ಆಕಿದು ಇನ್ನ ಐದಾರು ತಿಂಗಳಿಗೆ ತಾನs ಮುಗೀತದ. ಯಾರಿಗೆ ಏನ್ ಫಾಯ್ದಾ?” ಪತ್ರವನ್ನು ನನ್ನ ಕಡೆ ಸರಿಸಿದರು. “ಬಿಟ್ಟು ಹೋಗ್ತೀರೋ, ಒಯ್ತೀರೋ?”

ಒಯ್ದೆ. ಮಡಚಿ ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದೆ. ಇಷ್ಟೆಲ್ಲ ಬರೆಯುವಾಗ ಇದೊಂದನ್ನು ಬರೆಯದೆ ಬಿಡಬೇಕು ಅನ್ನಿಸಿತ್ತು.

ಹಿರೇಕೊಟ್ನೆಕಲ್‌ಗೆ ಹೋಗಲು ಮತ್ತೆ ಒಂದು ತಿಂಗಳು ಹಿಡಿಯಿತು. ಅವಳು ಮನೆಯ ಮುಂದೆ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಕೂಡ್ರಿ ಎನ್ನಲಿಲ್ಲ. ನಾನು ನಿಂತೇ ಹೇಳಿದೆ: ನಾ ಬರೆದದ್ದು ಸುಳ್ಳು, ಪತ್ರ ಕೊಡಲು ಹೋಗಿ ಹೆದರಿ ವಾಪಸ್ ತಂದೆ.

“ಈಗ ನನ್ನ ಮುಂದ ಯಾಕ ಹೇಳಾಕತ್ತೀರಿ?” ಎಂದಳು. “ನನಗ ಗೊತ್ತಿಲ್ಲೇನ್ರೀ ಅದು? ಗೊತ್ತಿಲ್ಲದಾಕಿ ನಮ್ಮವ್ವ. ಆಕಿ ಮುಂದ ಹೇಳ್ರಿ. ಇವತ್ತಿಗೂ ನನ್ನ ಕೂಡ ಸರಿಯಾಗಿ ಮಾತಾಡಂಗಿಲ್ಲ.”

ಭಾನುವಾರ ದೇವದುರ್ಗಕ್ಕೆ ಹೋದೆ. ಮಗಳು ಬಂದಿರಲಿಲ್ಲ. ತಾಯಿ ನನ್ನನ್ನು ಗುರುತಿಸಿ ಗಾಬರಿಯಾಗಿ ಚಾಪೆ ಹಾಸಿದಳು, ನೀರು ಕೊಟ್ಟಳು. ನಾನು ಹೇಳಿ ಮುಗಿಸುವವರೆಗೂ ಗೋಡೆಗೆ ಒರಗಿ ಕೇಳಿದಳು.

“ಅವತ್ತು ಖರೇ ಅಂತ ಬರದ್ರಿ, ಇವತ್ತು ಸುಳ್ಳು ಅಂತೀರಿ. ನಾ ಓದಿದಾಕಿ ಅಲ್ಲ. ನೀವು ಬರದೀರಿ ಅಂತ ಹೊಟ್ಟ್ಯಾಗ ಹುಟ್ಟಿದಾಕಿನ್ನ ಬಡದೆ.”

ಎದ್ದು ಹೊರಗೆ ಹೋದಳು. ಓಣಿಯಲ್ಲಿದ್ದ ನಾಲ್ಕೈದು ಹೆಂಗಸರನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದಳು.

“ಈಗ ಇವರ ಮುಂದ ಹೇಳ್ರಿ.”

ಹೇಳಿದೆ. ಎದುರುಮನೆಯ ಮುದುಕಿಗೆ ಕಿವಿ ಮಂದ, ಅವಳಿಗೆಂದು ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಮೂಲೆಯ ಅಂಗಡಿಯವನನ್ನು ಕರೆಸಿದಳು. ಮಗಳ ಸುದ್ದಿಯನ್ನು ಪೇಪರಿನಲ್ಲಿ ಓದಿ ಓಣಿಗೆಲ್ಲ ಹೇಳಿದವನು ಅವನಂತೆ. ನನ್ನ ಧ್ವನಿ ಇಳಿದಾಗಲೆಲ್ಲ ತಡೆದಳು.

“ಸಣ್ಣಗ ಅನಬ್ಯಾಡ್ರಿ. ಆ ಕಡಿ ಮನಿ ಮಂದಿಗೂ ಕೇಳಬೇಕು.”

ನಾಲ್ಕನೆಯ ಸಲ ನಾನು ಅತ್ತುಬಿಟ್ಟೆ. ಯಾರೂ ಸಮಾಧಾನ ಮಾಡಲಿಲ್ಲ. ಅಳು ನಿಲ್ಲುವವರೆಗೆ ಕಾದು, ಬಿಟ್ಟಲ್ಲಿಂದ ಮುಂದುವರಿಸಿ ಎಂದಳು ಆ ತಾಯಿ. ಮುಗಿದ ಮೇಲೆ ಚಾಪೆ ಸುತ್ತಿ ಒಳಗಿಟ್ಟಳು. ಬಸ್ ನಿಲ್ದಾಣದವರೆಗೆ ಓಣಿಯ ಮಂದಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು.

ಮುಂದಿನ ವರ್ಷ ಹಿರೇಕೊಟ್ನೆಕಲ್ ತಂಡ ಮತ್ತೆ ಮಾನ್ವಿಗೆ ಬಂತು. ನಿಷೇಧ ಮುಗಿದಿತ್ತು. ಪೊಲೀಸ್ ಭರ್ತಿಯ ಆಸೆಯೂ ಮುಗಿದಿತ್ತು. ನಾನು ಇನ್ನೂ ರೆಫರಿಗಳ ಪಟ್ಟಿಯಲ್ಲೇ ಇದ್ದೇನೆ. ಅವತ್ತು ಹೆಸರು ಬರೆದುಕೊಳ್ಳುವ ಮೇಜಿಗೆ ಕುಳಿತಿದ್ದೆ. ಅವಳು ಬಂದು ಹುಡುಗಿಯರ ಹೆಸರು ಒಂದೊಂದಾಗಿ ಹೇಳಿದಳು, ನಾನು ಬರೆದುಕೊಂಡೆ. ತರಬೇತುದಾರರ ಸಹಿ ಎಲ್ಲಿ ಎಂದು ಕೇಳಿದಳು. ತೋರಿಸಿದೆ. ನಾನು ಬರೆದದ್ದನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಪೂರ್ತಿ ಓದಿದಳು. ಆಮೇಲೆ ಸಹಿ ಮಾಡಿದಳು.