ರಾಮಕ್ಕನ ಸೈತಾನ

ರಾಮಕ್ಕನ ಮಗ ಹೆಂಡತಿಯನ್ನು ಹೊಡೆಯುತ್ತಾನೆ ಎಂದು ನಮ್ಮ ಬೀದಿಯಲ್ಲಿ ಯಾರಾದರೂ ಅಂದರೆ ಸಾಕು, ಅವಳು ನೇಯುತ್ತಿದ್ದ ಮಗ್ಗ ಬಿಟ್ಟು ಬಾಗಿಲಿಗೆ ಬಂದುಬಿಡುತ್ತಿದ್ದಳು. "ನನ್ನ ಮಗ ಹೊಡೆಯಾಕಿಲ್ಲ ಕಣಮ್ಮ. ಅವನ ಒಳಗೆ ಸೇರ್ಕೊಂಡಿರೋನು ಹೊಡೀತಾನೆ. ಸೈತಾನ!" ಎನ್ನುತ್ತಿದ್ದಳು. ಹಾಗನ್ನುವಾಗ ಅವಳ ಮುಖದಲ್ಲಿ ಎಳ್ಳಷ್ಟೂ ನಾಚಿಕೆ ಇರುತ್ತಿರಲಿಲ್ಲ. ಮಗುವಿಗೆ ಜ್ವರ ಬಂದಿದೆ ಎಂದು ಹೇಳುವ ತಾಯಿಯ ಮುಖ ಇರುತ್ತಲ್ಲ, ಹಾಗಿರುತ್ತಿತ್ತು. ನನಗಂತೂ ಮೈಯೆಲ್ಲ ಉರಿದುಹೋಗುತ್ತಿತ್ತು.

ನಾನು ಮಂಗಳಗೌರಿ. ಹಿಂದೂಪುರದ ನೇಕಾರರ ಬೀದಿಯಲ್ಲಿ ಅಚ್ಚು ಕೆಚ್ಚುವವಳು. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದುದ್ದ ಹೂಡಿದ ಎಳೆಗಳು, ನೇಯ್ದು ಮುಗಿದಾಗ ಮಗ್ಗದಲ್ಲಿ ಉಳಿದ ಹಳೇ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದಾಗಿ ಹೊಸೆದು ಸೇರಿಸುವುದು ನನ್ನ ಕೆಲಸ. ಮನೆಮನೆಗೆ ಹೋಗಿ ದಿನವಿಡೀ ಮಗ್ಗದ ಮುಂದೆ ಬಗ್ಗಿ ಕೂರುವವಳಿಗೆ ಯಾರ ಮನೆಯ ಗುಟ್ಟು ಗೊತ್ತಿರುವುದಿಲ್ಲ ಹೇಳಿ. ಗೌರಿಯ ಬಾಯಿ ಜೋರು ಎಂದು ಎಲ್ಲರೂ ಬೈಯುತ್ತಾರೆ. ಹಾಸು ಬಂದಾಗ ನನ್ನನ್ನೇ ಕರೆಯುತ್ತಾರೆ.

ರಾಮಕ್ಕ ಮದುವೆಯಾಗಿ ಬಂದದ್ದು ಕಲ್ಯಾಣದುರ್ಗದ ಕಡೆಯಿಂದ. ಗಂಡ ವೆಂಕಟೇಶಪ್ಪ ಎದೆ ರೋಗದಲ್ಲಿ ಹೋದ. ಆಗ ಮಗ ದಯಾನಂದ್ ಇನ್ನೂ ಶಾಲೆ ಹತ್ತಿರಲಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅವಳು ಸೀರೆ ನೇಯ್ದಳು. ಯಜಮಾನ ಸೀತಾರಾಮಪ್ಪ ಕೊಟ್ಟ ರೇಷ್ಮೆ, ಅವರ ಜರಿ, ಇವಳ ಬೆನ್ನು. ಹೋಳಿಗೆ ಮಾಡಿದರೆ ಎಲ್ಲಾ ಮಗನಿಗೆ, ತನಗೆ ಹೂರಣ ಸವರಿದ ಪಾತ್ರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇವಳದ್ದು ಹೆಗ್ಗಣವೂ ಆಗಿರಲಿಲ್ಲ. ನಿಜಕ್ಕೂ ಮುದ್ದಾದ ಹುಡುಗ. ಕೈಯಲ್ಲಿ ಕಸುಬು ಇತ್ತು, ನಗುಮುಖ. ಪವರ್‌ಲೂಮ್ ಶೆಡ್ಡಿಗೆ ಸೇರಿದ ಮೇಲೆ ಕುಡಿತ ಹತ್ತಿತು. ಚಿಲಮತ್ತೂರಿನಿಂದ ಕೀರ್ತನಾಳನ್ನು ತಂದು ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದುಕೊಂಡಳು ರಾಮಕ್ಕ. ಮದುವೆಯೇನು ಔಷಧವೇ? ಆ ಹುಡುಗಿಯ ಕೆನ್ನೆಯ ಮೇಲೆ ಬೆರಳು ಮೂಡಿದ್ದನ್ನು ಮೊದಲ ಶ್ರಾವಣದಲ್ಲೇ ನಾನು ನೋಡಿದೆ.

ಅದೇ ವರ್ಷ ರಾಮಕ್ಕ ತವರಿಗೆ ಹೋದಾಗ ಯಾರೋ ಅವಳನ್ನು ಕಲ್ಯಾಣದುರ್ಗದ ಊರಾಚೆಗಿನ ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋದರು. ತಗಡು ಹೊದಿಸಿದ ಉದ್ದನೆಯ ಕೊಠಡಿ. ಪಾಸ್ಟರ್ ಆನಂದಕುಮಾರ್ ವಾರವೆಲ್ಲ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡಿ, ಶುಕ್ರವಾರ ಉಪವಾಸ ಪ್ರಾರ್ಥನೆ ನಡೆಸುವ ಮನುಷ್ಯ. ಅಲ್ಲಿಂದ ಬಂದ ರಾಮಕ್ಕ ಗೌರೀ ಗೌರೀ ಎಂದು ಓಡಿಬಂದು ನನ್ನ ಕೈ ಹಿಡಿದು ಅತ್ತಳು. ಸಂತೋಷದ ಅಳು ಅದು.

"ಅವನಲ್ಲ ಕಣೇ ಗೌರಿ! ನನ್ನ ಮಗ ಅಲ್ವೇ ಅಲ್ಲ! ಅವನೊಳಗೆ ಬೇರೆ ಯಾರೋ ಸೇರ್ಕೊಂಡವ್ನೆ. ಪಾಸ್ಟರ್ ಅಯ್ಯಗಾರು ಓಡಿಸ್ತಾರಂತೆ."

ಮುಂದಿನ ಶುಕ್ರವಾರ ತಾಯಿ, ಮಗ, ಸೊಸೆ, ನಾನು ನಾಲ್ವರೂ ಬಸ್ಸು ಹತ್ತಿದೆವು. ದಯಾನಂದ್ ತಾನಾಗಿಯೇ ಬಂದ. ಪಾಸ್ಟರು ಮೊದಲು ಉಪದೇಶ ಹೇಳಿದರು. ಸೈತಾನ ಮೊದಲು ದೇವರ ಸನ್ನಿಧಿಯ ದೂತನೇ, ಗರ್ವ ಬಂದು ಬಿದ್ದವನು. ಅವನಿಗೂ ಅವನ ಸಂಗಡ ಬಿದ್ದ ದೆವ್ವಗಳಿಗೂ ಮೈಯಿಲ್ಲ, ಅದಕ್ಕೇ ಮನುಷ್ಯರ ಮೈ ಹುಡುಕುತ್ತಾ ತಿರುಗುತ್ತವೆ. ಕುಡಿತದಲ್ಲಿ, ಕೋಪದಲ್ಲಿ ಒಂದು ಸಂದು ಸಿಕ್ಕರೆ ಸಾಕು. ಯೇಸುವಿನ ಹೆಸರಿಗೆ ಮಾತ್ರ ಹೆದರುತ್ತವೆ. ಇಷ್ಟು ಹೇಳಿ ಕೊನೆಗೆ ಅವರು ಇನ್ನೊಂದು ಮಾತನ್ನೂ ಅಂದರು: "ತಟ್ಟೋನು ಸೈತಾನ, ಚಿಲಕ ತೆಗೆಯೋನು ಮನುಷ್ಯ." ಅಷ್ಟು ಹೊತ್ತಿಗೆ ರಾಮಕ್ಕ ಕಣ್ಣು ಮುಚ್ಚಿ ಕೈ ಎತ್ತಿ ಸ್ತೋತ್ರ ಶುರು ಮಾಡಿದ್ದಳು. ಆ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ.

ಪಾಸ್ಟರು ದಯಾನಂದನ ತಲೆಯ ಮೇಲೆ ಕೈಯಿಟ್ಟು "ಎವರು ನುವ್ವು?" ಎಂದು, ಯಾರು ನೀನು ಎಂದು ತೆಲುಗಿನಲ್ಲಿ ಗದರಿದರು. ಅವನು ಗಡಗಡ ನಡುಗಿದ. "ಪೋನು! ನೇನು ಪೋನು!" ಎಂದು ಕೂಗಿ, ಹೋಗುವುದಿಲ್ಲ ಹೋಗುವುದಿಲ್ಲ ಎಂದು ನೆಲದ ಮೇಲೆ ಹೊರಳಾಡಿದ. ಹೆಂಗಸರೆಲ್ಲ ಎದ್ದು ಯೇಸುವಿನ ರಕ್ತಕ್ಕೆ ಜಯ ಎಂದು ಕೂಗಿದರು. ಅವನು ವಾಂತಿ ಮಾಡಿಕೊಂಡ, ಬಿದ್ದ, ಆಮೇಲೆ ಎದ್ದು ಕೂತು ಅಮ್ಮನ ಕಡೆ ತಿರುಗಿ ನೀರು ಕೇಳಿದ. ಸುಳ್ಳು ಯಾಕೆ ಹೇಳಲಿ, ನನಗೂ ಮೈ ಜುಂ ಎಂದಿತು. ನಮ್ಮ ಕುಲದೇವತೆ ಚೌಡಮ್ಮ ಮೈಮೇಲೆ ಬಂದವರನ್ನು ಹುಟ್ಟಿದಾಗಿಂದ ನೋಡಿದವಳು ನಾನು. ಅವತ್ತು ಅವನು ನಾಟಕವಾಡಿದ ಎಂದು ಇವತ್ತಿಗೂ ನಾನು ಹೇಳಲಾರೆ.

ಆಮೇಲೆ ಒಂದಷ್ಟು ಕಾಲ ಆ ಮನೆಗೆ ಬೆಳಕು ಬಂತು. ದಯಾನಂದ್ ಶೆಡ್ಡು ಬಿಟ್ಟು ಹೊತ್ತಿಗೆ ಸರಿಯಾಗಿ ಮನೆಯ ಮಗ್ಗಕ್ಕೆ ಕೂತ. ಕೀರ್ತನಾಳಿಗೆ ಮಲ್ಲಿಗೆ ತಂದ. ರಾಮಕ್ಕ ಚೌಡಮ್ಮನ ಪಟವನ್ನು ಗೋಡೆಯಿಂದ ತೆಗೆದು, ಬಿಸಾಡಲು ಧೈರ್ಯ ಸಾಲದೆ, ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಕಲ್ಯಾಣದುರ್ಗದಲ್ಲಿ ಎಲ್ಲರೆದುರು ನಿಂತು ಸಾಕ್ಷಿ ಹೇಳಿದಳು: "ಸತ್ತೋಗಿದ್ದ ನನ್ನ ಮಗ ವಾಪಸ್ ಬಂದ್ಬುಟ್ಟ." ಅಷ್ಟು ಚೆಂದವಾಗಿ ಅವಳು ನಕ್ಕಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ದೀಪಾವಳಿ ಕಳೆಯುವಷ್ಟರಲ್ಲಿ ಮತ್ತೆ ಶುರುವಾಯಿತು. ಈ ಸಲ ಅವನಿಗೆ ಒಂದು ಮಾತೂ ಸಿಕ್ಕಿತ್ತು. ಹೊಡೆಯುವುದು, ಆಮೇಲೆ ಅಮ್ಮನ ಮಡಿಲಲ್ಲಿ ತಲೆಯಿಟ್ಟು, "ನಾನಲ್ಲಮ್ಮಾ, ಅವನು" ಎಂದು ಗೋಳೋ ಎನ್ನುವುದು. ರಾಮಕ್ಕ ಅವನ ತಲೆಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡುವಳು. ಊದಿದ ಮುಖದ ಕೀರ್ತನಾ ಒಲೆಯ ಮುಂದೆ ಕೂತಿರುವಳು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಆ ಮನೆಯಲ್ಲಿ ಮೇಕೆ ಎಂದರೆ ಸೈತಾನ.

ಎಂಥಾ ಮರ್ಯಾದಸ್ಥ ಸೈತಾನ ಅಂತೀರಿ! ಯಜಮಾನ ಸೀತಾರಾಮಪ್ಪ ಬಾಗಿಲಿಗೆ ಬಂದರೆ ಎತ್ತಿ ಕಟ್ಟಿದ ಲುಂಗಿ ಇಳಿಸಿ ಎದ್ದು ನಿಲ್ಲುತ್ತಿದ್ದ. ಹೊರಗೆ ನನ್ನ ಗಂಡ ಕೆಮ್ಮಿದರೆ ಸಾಕು, ಕೈ ಕೆಳಗಿಳಿಯುತ್ತಿತ್ತು. ಬೀದಿಯಲ್ಲಿ ಯಾರ ತಂಟೆಗೂ ಹೋಗದೆ, ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆಯೇ ಅವನು ಮೈಮೇಲೆ ಬರುತ್ತಿದ್ದದ್ದು.

ಇದನ್ನು ನಾನು ರಾಮಕ್ಕನ ಮುಖಕ್ಕೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. "ನಿಂಗೆ ತಿಳಿಯಾಕಿಲ್ಲ ಗೌರಿ. ಸೈತಾನ ಬಲೇ ಬುದ್ಧಿವಂತ," ಎಂದಳು. ಇಂಥವಳಿಗೆ ಏನು ಹೇಳುವುದು?

ಕೀರ್ತನಾ ಒಂದು ಸಲ ಕೇಳಿದ್ದು ನನ್ನೆದುರಿಗೇ. "ಅತ್ತೆ, ಸೈತಾನ ನಿಮ್ಮನ್ನ ಯಾಕೆ ಮುಟ್ಟಾಕಿಲ್ಲ?" ರಾಮಕ್ಕ ಲಾಳಿ ಹಿಡಿದ ಕೈಯನ್ನು ನಿಲ್ಲಿಸಿದಳು. ಮತ್ತೆ ನೇಯತೊಡಗಿದಳು.

ಹೋದ ಮಾಘದಲ್ಲಿ ಮದುವೆ ಸೀರೆಯೊಂದು ಅವರ ಮಗ್ಗದ ಮೇಲಿತ್ತು. ಅರ್ಧ ಆಗಿತ್ತು. ರಾಮಕ್ಕ ಜರಿ ತರಲು ಯಜಮಾನರ ಮನೆಗೆ ಹೋಗಿದ್ದಳು. ತಿರುಗಿ ಬಂದು ನೋಡಿದರೆ ಮಗ್ಗದ ಹಿಂದೆ ಸುತ್ತಿದ್ದ ರೇಷ್ಮೆಯ ಹಾಸೇ ಇಲ್ಲ. ನೇಯ್ದ ಅರ್ಧ ಸೀರೆ ಮಾತ್ರ ಮುಂದೆ ಉಳಿದಿತ್ತು. ಕೀರ್ತನಾ ಗೋಡೆಗೆ ಒರಗಿ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ತಡೆಯಲು ಹೋದದ್ದಕ್ಕೆ ದಯಾನಂದ್ ತಿರುಚಿದ್ದ. ರೇಷ್ಮೆ ಮಾರಲು ಎತ್ತಿಕೊಂಡು ಹೋಗಿದ್ದ.

ರಾಮಕ್ಕ ಬೀದಿಗೆ ಓಡಿಬಂದಳು. ಅಳುತ್ತಿದ್ದಳು, ಆದರೆ ಆ ಅಳುವಿನೊಳಗೆ ಗೆದ್ದವಳ ಧ್ವನಿಯಿತ್ತು. "ಬರ್ರಮ್ಮಾ, ನೋಡ್ರಮ್ಮಾ! ಈಗ್ಲಾದ್ರೂ ನಂಬ್ತೀರಾ? ನೇಕಾರ್ರ ಹೊಟ್ಟೇಲಿ ಹುಟ್ಟಿದೋನು ಅರ್ಧ ನೇಯ್ದ ಹಾಸಿನ ಮೇಲೆ ಕತ್ತರಿ ಹಾಕ್ತಾನಾ? ಹಾಕ್ತಾನಾ ಹೇಳ್ರಿ!"

ನಮ್ಮಲ್ಲಿ ಅದು ಮಹಾಪಾಪ. ಮನೆಯಲ್ಲಿ ಹೆಣ ಬಿದ್ದರೂ ಮಗ್ಗದ ಮೇಲಿನ ಹಾಸನ್ನು ಬಟ್ಟೆ ಮುಚ್ಚಿ ಬಿಡುತ್ತಾರೆಯೇ ಹೊರತು ಕತ್ತರಿಸುವುದಿಲ್ಲ. ಕುಡಿದು ಹೆಂಡತಿಯನ್ನು ಹೊಡೆದವರನ್ನು ನಮ್ಮ ಬೀದಿ ಬೇಕಾದಷ್ಟು ನೋಡಿದೆ, ಇಂಥವನನ್ನು ನೋಡಿರಲಿಲ್ಲ. ಅವತ್ತು ನಾನೂ ಅಲುಗಾಡಿಬಿಟ್ಟೆ. ಚೌಡಮ್ಮನ ಆಣೆ, ಇದ್ದರೂ ಇರಬಹುದೇನೋ ಸೈತಾನ ಎಂದುಕೊಂಡೆ.

ರಾಮಕ್ಕ ಕಲ್ಯಾಣದುರ್ಗಕ್ಕೆ ಫೋನು ಮಾಡಿದಳು. ಮಾರನೆಯ ದಿನ ಪಾಸ್ಟರ್ ಆನಂದಕುಮಾರ್ ಬಂದು ಚಾಪೆಯ ಮೇಲೆ ಕೂತರು. ದಯಾನಂದ್ ಇನ್ನೂ ತಿರುಗಿ ಬಂದಿರಲಿಲ್ಲ. ಕೀರ್ತನಾ ಕೈಗೆ ಪಟ್ಟಿ ಹಾಕಿಸಿಕೊಂಡು ಆಸ್ಪತ್ರೆಯಿಂದ ಬಂದಿದ್ದಳು. ಬಟ್ಟೆಯ ಬ್ಯಾಗು ಅವಳ ಪಕ್ಕದಲ್ಲೇ ಇತ್ತು. ಆ ಮಗ್ಗಕ್ಕೆ ಹೊಸ ಹಾಸು ಕೆಚ್ಚಲು ಆಗುತ್ತದೋ ಇಲ್ಲವೋ ನೋಡಿ ಬಾ ಎಂದು ಸೀತಾರಾಮಪ್ಪ ನನ್ನನ್ನು ಕಳಿಸಿದ್ದರು.

ನಾನು ಬಗ್ಗಿ ಹಣಿಗೆಯ ಹಿಂದೆ ಕೈಯಾಡಿಸಿದೆ. ಹಣಿಗೆ ಎಂದರೆ ಬಾಚಣಿಗೆಯ ಹಾಗಿರುವುದು, ಅದರ ಹಲ್ಲುಗಳ ಸಂದಿನಲ್ಲಿ ಹಾಸಿನ ಎಳೆಗಳೆಲ್ಲ ಹಾದು ಬರಬೇಕು. ಹಾಸನ್ನು ಸುಮ್ಮನೆ ಕತ್ತರಿಸಿದರೆ ಎಳೆಗಳು ಜಾರಿ ಹೊರಬಂದುಬಿಡುತ್ತವೆ. ಮತ್ತೆ ಒಂದೊಂದನ್ನೇ ಪೋಣಿಸಲು ಹೋದರೆ ಕಣ್ಣು ಕಿತ್ತು ಬರುತ್ತದೆ. ಇಲ್ಲಿ ಒಂದು ಎಳೆಯೂ ಜಾರಿರಲಿಲ್ಲ. ಹಿಡಿ ಹಿಡಿಯಾಗಿ ಸೇರಿಸಿ ಅಚ್ಚುಕಟ್ಟಾಗಿ ಗಂಟು ಹಾಕಿ, ಗಂಟಿನ ಆಚೆಗೆ ಕತ್ತರಿ ಆಡಿಸಿದ್ದ. ಮುಂದೆ ಹೊಸ ಹಾಸು ಕೆಚ್ಚಬೇಕು, ಅಮ್ಮ ಮತ್ತೆ ನೇಯಬೇಕು, ತಾನು ಮತ್ತೆ ಕೂತು ತಿನ್ನಬೇಕು ಎಂದು ಲೆಕ್ಕ ಹಾಕಿದವನ ಕೈ ಅದು. ಆವೇಶ ಬಂದವನ ಕೈಯಲ್ಲ.

ನನಗೆ ಸಿಟ್ಟು ನೆತ್ತಿಗೇರಿತು.

"ರಾಮಕ್ಕಾ, ಬಾ ಇಲ್ಲಿ! ಬಂದು ನೋಡು! ನಿನ್ನ ಸೈತಾನನಿಗೆ ಗಂಟು ಹಾಕೋಕೆ ಯಾರು ಕಲಿಸಿದ್ದು?"

ರಾಮಕ್ಕ ಬರಲಿಲ್ಲ. ಕೂತ ಕಡೆಯೇ ಸೆರಗು ಹಿಸುಕುತ್ತಾ ಕೂತಳು. ಪಾಸ್ಟರು ಎದ್ದು ಬಂದರು. ನಾನು ಅವರಿಗೆ ಎಲ್ಲ ತೋರಿಸಿ ಬಿಡಿಸಿ ಹೇಳಿದೆ.

ಕೀರ್ತನಾ ಗೋಡೆಯ ಕಡೆಯಿಂದ ಹೇಳಿದಳು. "ಹೂಂ ಗೌರಕ್ಕ. ನನ್ನ ಕೈ ಮುರಿದ ಮೇಲೆ ಕೂತ್ಕೊಂಡು ಗಂಟು ಹಾಕಿದ್ರು. ಹಾಕ್ತಾ ಹಾಕ್ತಾ ಏನೋ ಹಾಡು ಗುನುಗ್ತಿದ್ರು. ಕುಡಿದೂ ಇರಲಿಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ಸ್ಟೇಷನ್ನಿಗೆ ಹೋಯ್ತೀನಿ ಅತ್ತೆ. ನಾನೊಬ್ಳೇ ಹೇಳಿದ್ರೆ ಗಂಡ ಹೆಂಡ್ತಿ ಜಗಳ ಅಂತಾರೆ. ನೀವು ಬಂದು ಒಂದು ಮಾತು ಹೇಳಿ. ನನ್ನ ಮಗನೇ ಮಾಡಿದ್ದು ಅಂತ. ಅಷ್ಟೇ. ಇಲ್ದಿದ್ರೆ ನಾನು ಚಿಲಮತ್ತೂರಿಗೆ ಹೋಯ್ತೀನಿ. ಇನ್ನು ಬರಾಕಿಲ್ಲ."

ಪಾಸ್ಟರು ಬಗ್ಗಿ ಆ ಗಂಟುಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಅವರ ಮುಖ ಕಪ್ಪಿಟ್ಟಿತ್ತು. "ಅಮ್ಮಾ," ಎಂದರು, "ಆವತ್ತು ನಾನೂ ನಂಬಿದ್ದೆ. ಸೈತಾನ ಇದ್ದಾನೆ, ಇಲ್ಲ ಅನ್ನಲ್ಲ. ಅವನು ಆಸೆ ತೋರಿಸ್ತಾನೆ, ಕಿವೀಲಿ ಊದ್ತಾನೆ. ಆದ್ರೆ ಈ ಗಂಟು ಹಾಕಿದ್ದು ನಿನ್ನ ಮಗನ ಬೆರಳು. ಸುಳ್ಳು ಸಾಕ್ಷಿಯನ್ನ ಸೈತಾನನ ಮೇಲೂ ಹೇಳಬಾರದಮ್ಮಾ. ಆ ಹುಡುಗಿ ಜೊತೆ ಹೋಗು."

ರಾಮಕ್ಕ ಆಗ ತಲೆ ಎತ್ತಿದಳು. ಅವಳ ಕಣ್ಣು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಜನ್ಮವೆಲ್ಲ ಮಗ್ಗದಲ್ಲೇ ಸವೆಸಿದವಳು, ಅವಳಿಗೆ ನಾನು ತೋರಿಸಬೇಕಿತ್ತೇ? ಆ ಗಂಟುಗಳನ್ನು ಹಿಂದಿನ ದಿನವೇ ನೋಡಿದ್ದಳು. ನೋಡಿಯೇ ಬೀದಿಗೆ ಓಡಿಬಂದು ಕೂಗಿದ್ದಳು.

"ಸೈತಾನ ಆದ್ರೆ ನೀವು ಓಡಿಸ್ತೀರಿ ಅಯ್ಯಗಾರೂ," ಎಂದಳು. "ಇವತ್ತಲ್ಲ ನಾಳೆ ಬಿಟ್ಟು ಹೋಯ್ತಾನೆ. ಆವಾಗ ನನ್ನ ಮಗ ಸಿಕ್ತಾನೆ. ಇವನೇ ಆದ್ರೆ ಯಾರ್ನ ಓಡಿಸ್ತೀರಿ? ಓಡಿಸಿದ ಮೇಲೆ ನಂಗೆ ಯಾರು ಉಳೀತಾರೆ?"

ಪಾಸ್ಟರು ಹೋಗಿ ಮತ್ತೆ ಚಾಪೆಯ ಮೇಲೆ ಕೂತರು.

ರಾಮಕ್ಕ ಎದ್ದು ಮಗ್ಗದ ಹಿಂದಕ್ಕೆ ಹೋದಳು. ನೆಲಕ್ಕೆ ಕೂತು ಮೊದಲನೆಯ ಗಂಟಿಗೆ ಉಗುರು ಹಾಕಿದಳು. ಏನು ಮಾಡುತ್ತಿದ್ದಾಳೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಗಂಟು ಬಿಚ್ಚಿ, ಎಳೆಗಳನ್ನು ಮುಂದಕ್ಕೆ ತಳ್ಳಿ, ಹಣಿಗೆಯಿಂದ ಹೊರಕ್ಕೆ ಎಳೆದು ಬಿಟ್ಟಳು. ಆಮೇಲೆ ಇನ್ನೊಂದು ಗಂಟು. "ಅಯ್ಯೋ, ಬಿಡೇ ರಾಮಕ್ಕಾ, ಅನ್ನದ ಮಗ್ಗ ಕಣೇ ಅದು!" ಎಂದು ಕೈ ಹಿಡಿದೆ. ಕೊಡವಿಕೊಂಡಳು. ಎಳೆಗಳು ಅವಳ ಮೊಣಕಾಲಿನ ಮೇಲೆ, ನೆಲದ ಮೇಲೆ ಸಿಕ್ಕುಸಿಕ್ಕಾಗಿ ಬೀಳುತ್ತಾ ಹೋದವು. ಅವಳು ಅಳುತ್ತಿರಲಿಲ್ಲ. ನೇಯುವಾಗ ಇರುವಷ್ಟೇ ಗಮನವಿಟ್ಟು ಬಿಚ್ಚುತ್ತಿದ್ದಳು.

ಕೀರ್ತನಾ ಅದನ್ನು ನೋಡುತ್ತಲೇ ಎದ್ದು ನಿಂತಳು. ಆಮೇಲೆ ಎಡಗೈಯಲ್ಲಿ ಬ್ಯಾಗು ಎತ್ತಿಕೊಂಡು ಹೊಸ್ತಿಲು ದಾಟಿದಳು. ಹೋಗಿ ಬತ್ತೀನಿ ಎನ್ನಲಿಲ್ಲ. ಅವಳು ಹೋದದ್ದನ್ನು ರಾಮಕ್ಕ ತಿರುಗಿಯೂ ನೋಡಲಿಲ್ಲ.

ಕೊನೆಯ ಗಂಟು ಬಿಚ್ಚಿ, ಬರಿದಾದ ಹಣಿಗೆಯನ್ನು ಪಕ್ಕಕ್ಕೆ ಸರಿಸಿ, ಅವಳು ಪಾಸ್ಟರ ಮುಖ ನೋಡಿದಳು.

"ಈಗ ಹೇಳಿ ಅಯ್ಯಗಾರೂ. ಇದು ಸೈತಾನ ಮಾಡಿದ್ದಲ್ವಾ?"