ಬಂಗಾರ ಸಾಗಿಸುವ ಬಗೆ

ಬೈಲಹೊಂಗಲದ ಮೇಲೆ ಹಾರುವ ವಿಮಾನಗಳನ್ನೆಲ್ಲ ತಾರೀಖು, ದಿಕ್ಕು ಸಮೇತ ಡೈರಿಯಲ್ಲಿ ಬರೆದಿಡುವುದು ನನ್ನ ಚಟ. ಇದರಿಂದ ಯಾರಿಗೂ ಉಪಯೋಗವಿಲ್ಲವೆಂದು ಮನೆಯವರೆಲ್ಲ ಹೇಳಿಯಾಗಿದೆ. ಆದರೆ ಈ ಬೇಸಿಗೆಯಲ್ಲಿ ಹೊಟ್ಟೆ ದಪ್ಪನೆಯ ಮಿಲಿಟರಿ ವಿಮಾನವೊಂದು ಒಂದೇ ವಾರದಲ್ಲಿ ಮೂರು ಸಲ ತೀರ ಕೆಳಗೆ ಹಾರಿದಾಗ ಊರೇ ನನ್ನನ್ನು ಹುಡುಕಿಕೊಂಡು ಬಂತು.

ಅದರೊಳಗೇನಿದೆ ಎಂಬುದು ಹತ್ತಿ ಅಡತಿ ಅಂಗಡಿಯ ಕಟ್ಟೆಯ ಮೇಲೆ ಆಗಲೇ ತೀರ್ಮಾನವಾಗಿತ್ತು: ಸರ್ಕಾರದ ಬಂಗಾರ. ಗುಟ್ಟಾಗಿ ಜಾಗ ಬದಲಿಸುತ್ತಿದ್ದಾರೆ. "ಮಾಳಗಿ ಮುಟ್ಟೂಮಟ ಒಟ್ಟಿರತಾರ" ಎಂದು ಅಂಗಡಿಯ ಬಸಪ್ಪ ಕಾಕಾ ಸೂರಿನತ್ತ ಕೈ ತೋರಿಸಿದರು. ನಮ್ಮದು ಹತ್ತಿಯ ಊರು. ಹತ್ತಿ ತುಂಬಿದ ಅಂಡಿಗೆಗಳು ಎರಡೂ ಬದಿಗೆ ಉಬ್ಬಿ ಮರದ ಕೊಂಬೆಗೆ ತಾಗದಿದ್ದರೆ ಆ ಲಾರಿ ನಮ್ಮ ಕಣ್ಣಿಗೆ ಖಾಲಿಯೇ.

ನಾನು ಕಾಲೇಜಿನ ಭೌತಶಾಸ್ತ್ರ ತೆಗೆದು ಲೆಕ್ಕ ಹಾಕಿದೆ. ಬಂಗಾರ ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರ. ಸೀಮೆಎಣ್ಣೆ ಡಬ್ಬಿಯ ತುಂಬ ತುಂಬಿದರೆ ಇಬ್ಬರು ಹಮಾಲರು ಅಲುಗಾಡಿಸಲಾರರು. ಅಂದಮೇಲೆ ವಿಮಾನದ ನೆಲದ ಮೇಲೆ ಅಲ್ಲೊಂದು ಇಲ್ಲೊಂದು ಪೆಟ್ಟಿಗೆ ಇಟ್ಟರೆ ಅದರ ಹೊರುವ ತಾಕತ್ತು ಮುಗಿಯಿತು. ಉಳಿದದ್ದು ಬರೀ ಗಾಳಿ. ಓಡಿಹೋಗಿ ಕಟ್ಟೆಗೆ ವರದಿ ಒಪ್ಪಿಸಿದೆ. "ಖಾಲಿ ವಿಮಾನಕ್ಕ ಅಷ್ಟ ಸಪ್ಪಳ ಯಾಕೋ ತಮ್ಮಾ?" ಎಂದು ಕಾಕಾ ಮುಖ ತಿರುಗಿಸಿದರು.

ಖುಷಿಪಟ್ಟವಳು ಅಜ್ಜಿಯೊಬ್ಬಳೇ. ಅಕ್ಕನ ಲಗ್ನ ರಾಮದುರ್ಗದಲ್ಲಿ, ಗಂಡಿನ ಮನೆಯಲ್ಲಿ. ಉಳಿದವರೆಲ್ಲ ಮುಂದೆ ಹೋಗಿದ್ದರು. ಅಜ್ಜಿಯ ಹಳೇ ಒಡವೆ ಕರಗಿಸಿ ಮಾಡಿದ ಕೊರಳ ಗೆಜ್ಜಿಟಿಕ್ಕಿಯನ್ನು ಅಕ್ಕಸಾಲಿಗ ತಡವಾಗಿ ಕೊಟ್ಟದ್ದರಿಂದ ನಾವಿಬ್ಬರೇ ಹಿಂದುಳಿದಿದ್ದೆವು. ಅದು ಸಂಜೆಯೊಳಗೆ ಬರದಿದ್ದರೆ ಅಕ್ಷತೆ ಬೀಳುವುದಿಲ್ಲವೆಂದು ಬೀಗತಿ ಮೊದಲೇ ಹೇಳಿದ್ದಳು.

"ಬಂಗಾರಕ್ಕ ಜಾಗಾ ಭಾಳ ಬೇಡ ಅಂದ್ಯಲ್ಲ? ಹಂಗಾರ ಬುತ್ತ್ಯಾಗ ಇಡೂಣು" ಎಂದಳು ಅಜ್ಜಿ. ಗೆಜ್ಜಿಟಿಕ್ಕಿ ಅರಿವೆಯಲ್ಲಿ ಸುತ್ತಿಕೊಂಡು ಜೋಳದ ರೊಟ್ಟಿಗಳ ತಳಕ್ಕೆ ಸೇರಿತು.

ನಾನು ಮಿಲಿಟರಿ ನಿಯಮ ಹೊರಡಿಸಿದೆ: ಗಂಟು ಬಿಚ್ಚಕೂಡದು, ಅದರ ಕಡೆ ನೋಡಲೂ ಕೂಡದು. ಬಸ್ಸಿನಲ್ಲಿ ಸವದತ್ತಿಯವರೆಗೆ ನಾನು ಕಿಟಕಿಯಾಚೆ ನೋಡುತ್ತ ಕುಳಿತೆ. ನನ್ನ ಮಟ್ಟಿಗೆ ನಾನು ಆ ವಿಮಾನದ ಪೈಲಟ್ಟನೇ ಆಗಿದ್ದೆ.

ಸವದತ್ತಿಯಲ್ಲಿ ಬಸ್ಸು ನಿಂತಾಗ ಮುಂದಿನ ಸೀಟಿನ ಹೆಂಗಸು ತಿರುಗಿ, "ತಮ್ಮಾ, ಇಳದು ಚಾ ಕುಡದು ಬಾ. ನಿಮ್ಮ ಆಯಿ ಬಂಗಾರ ನಾವು ನೋಡಕೋತೇವಿ" ಎಂದಳು.

ನಾನು ಕಿಟಕಿಯಿಂದ ಥಟ್ಟನೆ ತಿರುಗಿದೆ. "ಯಾವ ಬಂಗಾರರಿ?"

"ಊಟದ ಹೊತ್ತು ಮೀರೇತಿ. ತೊಡಿ ಮ್ಯಾಲ ಬುತ್ತಿ ಐತಿ. ಬಿಚ್ಚಿಲ್ಲ, ಬಾಜೂದವರಿಗೆ ಒಂದ ತುಣುಕ ತಗೋರಿ ಅಂದಿಲ್ಲ. ಬರೇ ರೊಟ್ಟಿ ಇದ್ದರ ನಮ್ಮ ಕಡೆ ಯಾರರ ಹಿಂಗ ಕುಂದರತಾರೇನು?"

"ಡ್ರೈವರಗೂ ಗೊತ್ತೈತ್ರಿ" ಎಂದ ಹಿಂದಿನಿಂದ ಕಂಡಕ್ಟರ್. "ಅದಕ್ಕ ಗಾಡಿ ಸಾವಕಾಶ ಹೊಡ್ಯಾಕ ಹತ್ಯಾನ."

ಅಜ್ಜಿ ನನ್ನತ್ತ ಒಂದು ಸಲ ನೋಡಿದಳು. ನಂತರ ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಹಂಚತೊಡಗಿದಳು. ಕಂಡಕ್ಟರನಿಗೆ ಎರಡು. ಕೊನೆಗೆ ಉಳಿದದ್ದು ಒಂದೇ ರೊಟ್ಟಿ, ಅದರ ಕೆಳಗೆ ಅಕ್ಕನ ಲಗ್ನ. ಯಾರೂ ಅತ್ತ ಇಣುಕಲಿಲ್ಲ. ರಾಮದುರ್ಗದಲ್ಲಿ ಇಳಿದಾಗ ಆ ಹೆಂಗಸು ಬೀಗರ ಬಾಗಿಲತನಕ ನಮ್ಮೊಡನೆ ನಡೆದು ಬಂದಳು.

ಮಿಲಿಟರಿಯವರು ಹೇಗೆ ಕಾಯುತ್ತಾರೋ ನನಗೆ ತಿಳಿಯದು. ಗುಟ್ಟು ಇದ್ದಷ್ಟು ಹೊತ್ತು ನಮ್ಮ ಬಂಗಾರಕ್ಕೆ ಕಾವಲಿಗಿದ್ದವರು ಇಬ್ಬರು. ಅದು ಒಡೆದ ಮೇಲೆ ಇಡೀ ಬಸ್ಸು.