ಸಪ್ಪಳವಿಲ್ಲದ ಗಾಡಿ, ರಸ್ತೆಯ ಮೇಲಿನ ತೊಗರಿ

ಗಾಡಿಗೆ ಬಿದ್ದದ್ದು ಐವತ್ನಾಲ್ಕು ಸಾವಿರ. ಅಂಗಡಿಯವನು ಬಾಯಿಬಿಟ್ಟದ್ದು ಅರವತ್ತೈದಕ್ಕೆ. ವಿಜಯಪುರದ ಸ್ಟೇಷನ್ ರಸ್ತೆಯ ಆ ಅಂಗಡಿಯಲ್ಲಿ ಬಳಸಿದ ಎಲೆಕ್ಟ್ರಿಕ್ ಸ್ಕೂಟರುಗಳನ್ನು ಒರೆಸಿ ಹೊಳಪು ಕೊಟ್ಟು ಸಾಲಾಗಿ ನಿಲ್ಲಿಸಿದ್ದರು. ಕೊಳ್ಳಲೇಬೇಕೆಂದು ಹೋದವಳು ಕೊಳ್ಳುವ ಮುಖ ಮಾಡಬಾರದು. ನಾನು ಎದ್ದು ಬಾಗಿಲತನಕ ಹೋದೆ, ಅವನು ಕರೆದ, ಮತ್ತೆ ಬಂದು ಕೂತೆ. ಕೊನೆಗೆ ಹೆಲ್ಮೆಟ್ಟನ್ನೂ ಅದೇ ರೊಕ್ಕದಲ್ಲಿ ಹಾಕಿಸಿಕೊಂಡೆ.

ಯಾಕೆ ಕೊಂಡೆ ಅಂದರೆ, ನಮ್ಮದು ಜೋಳದ ರೊಟ್ಟಿಯ ವ್ಯಾಪಾರ. ಒಂದೇ ಹಂಚಿನಿಂದ ಶುರು ಮಾಡಿದವಳು ನಾನು. ಈಗ ಸ್ಟೇಷನ್ ರಸ್ತೆಯ ಖಾನಾವಳಿಗಳಿಗೆ ನಮ್ಮ ಮನೆಯ ರೊಟ್ಟಿಯೇ ಹೋಗುತ್ತದೆ. ನಮ್ಮೂರು ಸಾರವಾಡದಿಂದ ಹೊರಡುವ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಡಕ್ ರೊಟ್ಟಿಯ ಬುಟ್ಟಿ ಯಾರದೋ ಮೊಣಕೈ ತಾಗಿ ಪುಡಿಯಾಗಿ ಇಳಿಯುತ್ತಿತ್ತು. ಮುರಿದ ರೊಟ್ಟಿಯನ್ನು ಯಾವ ಖಾನಾವಳಿಯವನೂ ತಟ್ಟೆಗೆ ಹಾಕುವುದಿಲ್ಲ. ನನ್ನ ತಂಗಿಗೆ ಲೈಸೆನ್ಸ್ ಇತ್ತು, ಧೈರ್ಯವೂ ಇತ್ತು. ಗಾಡಿಯೊಂದು ಬೇಕಾಗಿತ್ತು.

"ಸಪ್ಪಳನ ಇಲ್ಲ ನೋಡ್ರಿ ಅಕ್ಕಾರ ಇದಕ್ಕ," ಎಂದಿದ್ದ ಅಂಗಡಿಯವನು. "ಬಾಜೂಕ್ಕ ಹಾದು ಹೋದ್ರ ಮಲಗಿದ ಕೂಸು ಸೈತ ಏಳಂಗಿಲ್ಲ."

"ಕೂಸು ಮಲಗಿದ್ರ ನನಗೇನ್ ಬಂತೋ ತಮ್ಮಾ. ರೇಟ್ ಇಳಸು."

ಸಪ್ಪಳವಿಲ್ಲ ಅನ್ನುವ ಮಾತನ್ನು ಅವನು ಹೊಗಳಿಕೆಯೆಂದೇ ಹೇಳಿದ್ದ. ನಾನೂ ಹಾಗೆಯೇ ಕೇಳಿಸಿಕೊಂಡೆ.

ಮನೆಯಲ್ಲಿ ನಮ್ಮ ದೊಡ್ಡವ್ವ ಇದ್ದಳು. ನಮ್ಮ ತಾಯಿಯ ಅಕ್ಕ. ನಮ್ಮಿಬ್ಬರನ್ನೂ ಸಾಕಿ ಬೆಳೆಸಿದವಳು. ಕಣ್ಣಿಗೆ ಪೊರೆ ಬಂದು, ಒಂದು ಕಣ್ಣಿಗೆ ಆಪರೇಷನ್ ಆಗಿದ್ದರೂ ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಆದರೆ ಕಿವಿ ಬಲು ಚುರುಕು. ಕಟ್ಟೆಯ ಮೇಲೆ ಕೂತು, ಬಂದದ್ದು ಬಸ್ಸೋ ಮೂರು ಗಾಲಿಯ ಟಂಟಮ್ಮೋ ಹೇಳುತ್ತಿದ್ದಳು. ಟ್ರ್ಯಾಕ್ಟರಿನ ಟ್ರೇಲರು ಖಾಲಿಯೋ ಕಬ್ಬು ತುಂಬಿದೆಯೋ ಅನ್ನುವುದನ್ನೂ ಹೇಳುತ್ತಿದ್ದಳು. ರಸ್ತೆ ದಾಟುವಾಗ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ನಿಂತು, ಕೇಳಿ, ದಾಟಿಬಿಡುತ್ತಿದ್ದಳು.

ತಂಗಿ ಗಾಡಿ ತಂದ ಸಂಜೆ ದೊಡ್ಡವ್ವ ಅಂಗಳದಲ್ಲಿ ಬೆನ್ನು ಮಾಡಿ ಕೂತು ಜೋಳ ಹಸನು ಮಾಡುತ್ತಿದ್ದಳು. ಗಾಡಿ ಅವಳ ಬೆನ್ನಿಗೆ ಒಂದು ಮೊಳ ದೂರದಲ್ಲಿ ಬಂದು ನಿಂತಿತು. ತಂಗಿ ಕೂಗಿದಾಗ ಜೋಳ ಕೇರುವ ಮರ ಕೈಜಾರಿ ಬಿತ್ತು.

"ಯಾವಾಗ ಬಂದ್ಯೇ? ಹೆಜ್ಜಿ ಸಪ್ಪಳ ಸೈತ ಕೇಳಲಿಲ್ಲ."

"ನಡಕೋತ ಬಂದಿಲ್ಲ ದೊಡ್ಡವ್ವ, ಗಾಡಿ ಮ್ಯಾಲ ಬಂದೀನಿ."

"ಸುಳ್ಳ ಹೇಳಬ್ಯಾಡ."

ಆಮೇಲೆ ಎದ್ದು ಬಂದು ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ಕೈಯಿಂದ ತಡವಿದಳು. ಹೊಗೆ ಬಿಡುವ ಕೊಳವೆಯನ್ನು ಹುಡುಕಿದಳು, ಸಿಗಲಿಲ್ಲ. "ಇದಕ್ಕ ಬಾಯಿ ಇಲ್ಲ ಬೇ," ಎಂದಳು. "ಬಾಯಿ ಇಲ್ಲದ್ದು ಮನಿಗೆ ತಂದೀರಿ." ನಾವಿಬ್ಬರೂ ನಕ್ಕೆವು. ಅವಳು ನಗಲಿಲ್ಲ.

ಕೆಲವೇ ದಿನಗಳಲ್ಲಿ ತಂಗಿಯ ನಗುವೂ ಕಡಿಮೆಯಾಯಿತು. ಸ್ಟೇಷನ್ ರಸ್ತೆಯಲ್ಲಿ ಜನ ಅಂಗಡಿಯ ಮೆಟ್ಟಿಲಿಳಿದು ನೇರ ಗಾಲಿಯ ಮುಂದೆಯೇ ಬರುತ್ತಾರಂತೆ, ಕಣ್ಣು ಫೋನಿನಲ್ಲಿಟ್ಟು. ರಸ್ತೆಯಂಚಿಗೆ ಮಲಗಿದ ನಾಯಿ ಏಳುವುದೇ ಇಲ್ಲವಂತೆ. "ಮಂದಿ ರಸ್ತೇನ ಕಿವೀಲೆ ನೋಡತಾರ ಅಕ್ಕಾ," ಎಂದಳು ಒಂದು ದಿನ. "ನಾ ಬರೂದು ಯಾರಿಗೂ ಗೊತ್ತಾಗವಲ್ದು. ದೆವ್ವ ಆದಂಗ ಆಗೇತಿ ನನಗ." ಅವಳು ತಮಾಷೆಗೇ ಅಂದಳು. ನನ್ನ ಕಣ್ಣು ಮಾತ್ರ ಕಟ್ಟೆಯ ಮೇಲೆ ಕೂತವಳ ಕಡೆ ಹೋಯಿತು.

ಅಷ್ಟರಲ್ಲಿ ನಮ್ಮ ತುಂಡು ಹೊಲದ ತೊಗರಿ ಕಟಾವಿಗೆ ಬಂತು. ನಮ್ಮ ಕಡೆ ಸಣ್ಣ ಹೊಲದವರು ಕಣ ಮಾಡುವುದಿಲ್ಲ, ಒಕ್ಕಿ ರಾಶಿ ಮಾಡುವ ಯಂತ್ರಕ್ಕೂ ಬಾಡಿಗೆ ಕೊಡುವುದಿಲ್ಲ. ಕೊಯ್ದ ಗಿಡಗಳನ್ನು ಡಾಂಬರು ರಸ್ತೆಯ ಮೇಲೆಯೇ ಹರವುತ್ತೇವೆ. ಹೋಗುವ ಬರುವ ಗಾಡಿಗಳ ಗಾಲಿಗೆ ಸಿಕ್ಕು ಕಾಯಿ ಒಡೆದು ಕಾಳು ಉದುರುತ್ತದೆ. ಕಾಳು ಚೆಲ್ಲಿ ಹೋಗದಂತೆ ಅಂಚಿಗೆ ದೊಡ್ಡ ಕಲ್ಲುಗಳನ್ನು ಸಾಲಾಗಿ ಇಡುತ್ತೇವೆ. ಹೆಂಗಸರು ರಸ್ತೆಯ ನಡುವೆ ನಿಂತು ಗಿಡ ತಿರುವಿ ಹಾಕುತ್ತಾರೆ. ಗಾಡಿಯ ಸಪ್ಪಳ ಕೇಳಿದ ಕೂಡಲೇ ಸರಿಯುತ್ತಾರೆ, ಅದು ಹೋದ ಮೇಲೆ ಮತ್ತೆ ಇಳಿಯುತ್ತಾರೆ. ತಲೆ ಎತ್ತಿ ನೋಡುವ ರೂಢಿಯೇ ಇಲ್ಲ. ನೋಡುತ್ತ ನಿಂತರೆ ಕೆಲಸ ಸಾಗುವುದಿಲ್ಲ.

ದೊಡ್ಡವ್ವ ಪ್ರತಿ ವರ್ಷ ಆ ರಸ್ತೆಗೆ ಇಳಿಯುತ್ತಿದ್ದಳು. ಈ ಸಲ ಬೇಡ ಅಂದೆ. "ಕೂತ್ ಉಣ್ಣಾಕ ನಾ ಏನ್ ಸಾವ್ಕಾರ್ತಿ ಏನು? ಕೈ ಕಾಲು ಗಟ್ಟಿ ಅದಾವ ಇನ್ನ," ಎಂದು ಬಡಿಗೆ ಹಿಡಿದೇ ಹೊರಟಳು. ಅವಳನ್ನು ಮನೆಯಲ್ಲಿ ಕೂರಿಸುವ ತಾಕತ್ತು ನನಗಿರಲಿಲ್ಲ. ನಮ್ಮ ಗಾಡಿಯೇ ಅವಳಿಗೆ ಬಡಿದರೆ ಅನ್ನುವ ಭಯ ಮಾತ್ರ ಹಿಡಿಯಿತು.

ಹಿತ್ತಲ ಗೋಡೆಯ ಗೂಟಕ್ಕೆ ಎತ್ತುಗಳ ಹಳೆಯ ಗೆಜ್ಜೆ ಸರ ತೂಗುಬಿದ್ದಿತ್ತು. ಎತ್ತು ಮಾರಿದರೂ ಗೆಜ್ಜೆ ಮಾರಿರಲಿಲ್ಲ. ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ, ಗಾಡಿಯ ಹ್ಯಾಂಡಲ್ಲಿಗೆ ಅಡ್ಡಿಯಾಗದಂತೆ ಮುಂದಿನ ಕಂಬಿಗೆ ಬಿಗಿದೆ.

"ಖಾನಾವಳಿ ಮಂದಿ ನಗತಾರ ಅಕ್ಕಾ," ಎಂದಳು ತಂಗಿ. "ಎತ್ತು ಬಂತ ನೋಡ್ರಿ ಅಂತಾರ."

"ನಗಲಿ. ನಕ್ಕವ್ರು ಎರಡ್ ರೊಟ್ಟಿ ಜಾಸ್ತಿ ತಿಂತಾರ."

ದೊಡ್ಡವ್ವನಿಗೆ ಅದು ಬಹಳ ಹಿಡಿಸಿತು. ತಂಗಿಯ ಗಾಡಿ ತಿರುವಿನಲ್ಲಿರುವಾಗಲೇ ಅವಳು ರಸ್ತೆಯಂಚಿಗೆ ಸರಿದು ನಿಲ್ಲುತ್ತಿದ್ದಳು. ನನ್ನ ಭಯ ಇಳಿಯಿತು. ಆದರೆ ಒಂದು ಮಧ್ಯಾಹ್ನ, ಪಕ್ಕದ ಹೊಲದ ಹೆಂಗಸರ ಜೊತೆ ಊಟಕ್ಕೆ ಕೂತಾಗ ಅವಳು ಹೇಳುತ್ತಿದ್ದುದು ಕಿವಿಗೆ ಬಿತ್ತು: "ಕರೆಂಟಿನ ಗಾಡಿಗೆ ಅಂಜೂದ್ ಬ್ಯಾಡ ಬೇ. ಬಂದ್ರ ಗೆಜ್ಜಿ ಕೇಳತೈತಿ."

"ಎಲ್ಲಾ ಗಾಡಿಗೂ ಗೆಜ್ಜಿ ಇರಂಗಿಲ್ಲ ದೊಡ್ಡವ್ವ. ಅದು ನಮ್ಮದಕ್ಕಷ್ಟ ನಾ ಕಟ್ಟೀನಿ," ಎಂದೆ.

"ಯಾಕ, ಉಳದವ್ರಿಗೆ ಬುದ್ಧಿ ಇಲ್ಲೇನು? ಕಟ್ಟಿರತಾರ ತಗೋ."

ಮತ್ತೊಮ್ಮೆ ಹೇಳಿದೆ. ಅವಳು ಹೂಂ ಅಂದಳು. ಆ ಹೂಂ ಮಾತು ಮುಗಿಸಲು ಅಂದದ್ದು.

ಅದಾಗಿ ಹೆಚ್ಚು ದಿನ ಹೋಗಲಿಲ್ಲ. ಬಿಸಿಲೇರುವ ಹೊತ್ತು. ವಿಜಯಪುರದ ಕಡೆಯಿಂದ ಬಬಲೇಶ್ವರಕ್ಕೆ ಹೋಗುವ ಬಸ್ಸು ಬಂತು. ಎಲ್ಲರೂ ಸರಿದರು, ದೊಡ್ಡವ್ವನೂ ಸರಿದಳು. ಬಸ್ಸು ತೊಗರಿಯನ್ನು ಹುಡಿ ಮಾಡಿ, ಧೂಳೆಬ್ಬಿಸಿ ಮುಂದೆ ಹೋಯಿತು. ಅದರ ಸಪ್ಪಳ ದೂರವಾಗುತ್ತಿದ್ದಂತೆ ದೊಡ್ಡವ್ವ ಬಡಿಗೆ ಹಿಡಿದು ರಸ್ತೆಗೆ ಇಳಿದಳು. ಆ ಧೂಳಿನಿಂದ ಸ್ಕೂಟರೊಂದು ಹೊರಬರುವುದು ಆಚೆ ಅಂಚಿನಲ್ಲಿದ್ದ ನನಗೆ ಕಂಡಿತು. ಬಿಳಿಯ ಗಾಡಿ, ಕರೆಂಟಿನ ಗಾಡಿಗಳಿಗಿರುವ ಹಸಿರು ನಂಬರ್ ಪ್ಲೇಟು. ಅದು ಬರುವ ಯಾವ ಗುರುತೂ ಗಾಳಿಯಲ್ಲಿರಲಿಲ್ಲ. ನಾನು ಕೂಗಿದೆ. ದೊಡ್ಡವ್ವ ನನ್ನ ಧ್ವನಿಯತ್ತ ಮುಖ ತಿರುಗಿಸಿದಳು, ಗಾಡಿಯತ್ತ ಅಲ್ಲ.

ಗಾಡಿಯ ಮೇಲಿದ್ದವಳು ಕೆಲಸಕ್ಕೆ ಹೊರಟ ಚಿಕ್ಕ ವಯಸ್ಸಿನ ಹೆಂಗಸು. ಗಟ್ಟಿಯಾಗಿ ಬ್ರೇಕ್ ಹಿಡಿದಳು. ಕೆಳಗೆ ಒಣಗಿದ ಕಡ್ಡಿ, ಅದರ ಕೆಳಗೆ ಉರುಳುವ ಕಾಳು. ಗಾಲಿ ನಿಂತಿತು, ಗಾಡಿ ನಿಲ್ಲಲಿಲ್ಲ. ಅಡ್ಡ ಬಿದ್ದು ಜಾರುತ್ತ ಹೋಗಿ ದೊಡ್ಡವ್ವನ ಕಾಲಿಗೆ ಬಡಿಯಿತು. ಆ ಹೆಂಗಸಿನ ತಲೆ ಹೋಗಿ ತಾಗಿದ್ದು ನಾವೇ ಇಟ್ಟಿದ್ದ ಕಲ್ಲಿಗೆ. ಹೆಲ್ಮೆಟ್ ಸೀಳಿತು. ತಲೆ ಉಳಿಯಿತು.

"ಹಾರ್ನ್ ಹೊಡದೇನ್ರಿ," ಎಂದು ಅವಳು ರಸ್ತೆಯ ಮೇಲೆ ಕೂತೇ ಅಳುತ್ತಿದ್ದಳು. "ಬಸ್ಸಿನ ಸಪ್ಪಳದಾಗ ಕೇಳಿಲ್ಲ ಕಾಣತೈತ್ರಿ."

ದೊಡ್ಡವ್ವ ಅಳಲಿಲ್ಲ. ತೊಗರಿಯ ಮೇಲೆ ಒಂದು ಪಕ್ಕಕ್ಕೆ ಬಿದ್ದುಕೊಂಡೇ ನನ್ನ ಕೈ ಹುಡುಕಿ ಹಿಡಿದು ಕೇಳಿದಳು: "ಬಸ್ಸಿನ ಹಿಂದ ಏನಿತ್ತ ಬೇ?"

ಸೊಂಟದ ಎಲುಬು ಮುರಿದಿತ್ತು. ವಿಜಯಪುರದಲ್ಲಿ ಆಪರೇಷನ್ ಆಯಿತು, ರಾಡು ಹಾಕಿದರು. ಈಗ ವಾಕರ್ ಹಿಡಿದು ಬಚ್ಚಲತನಕ ಹೋಗುತ್ತಾಳೆ. ಕಟ್ಟೆಗೆ ಬರುವುದಿಲ್ಲ. ಬಸ್ಸು, ಟ್ರ್ಯಾಕ್ಟರು ಹಾದುಹೋದರೆ ಸುಮ್ಮನಿರುತ್ತಾಳೆ. ಯಾವ ಸಪ್ಪಳವೂ ಇಲ್ಲದ ಹೊತ್ತಿನಲ್ಲಿ ಮಾತ್ರ, ರೊಟ್ಟಿ ಬಡಿಯುವ ಕೈ ನಿಂತ ಕೂಡಲೇ, ಒಳಗಿನಿಂದ ಕೇಳುತ್ತಾಳೆ: "ಏನರ ಬಂತೇನ ಈಗ?" ಏನೂ ಇಲ್ಲ ಅನ್ನುತ್ತೇನೆ. ಅವಳು ನಂಬುವುದಿಲ್ಲ. ನಂಬು ಅನ್ನಲು ನನಗೂ ಬಾಯಿ ಬರುವುದಿಲ್ಲ, ಯಾಕೆಂದರೆ ನಗರಕ್ಕೆ ಹೋದಾಗಲೆಲ್ಲ ಹಸಿರು ಪ್ಲೇಟಿನ ಗಾಡಿಗಳು ಹೆಚ್ಚಾಗಿಯೇ ಕಾಣುತ್ತವೆ.

ಮೊನ್ನೆ ತಿಕೋಟಾ ಕಡೆಯ ಹೊನವಾಡದಿಂದ ಬೀಗರೊಬ್ಬರು ಫೋನ್ ಮಾಡಿ, ಕರೆಂಟಿನ ಗಾಡಿ ಕೊಳ್ಳಲೋ ಬೇಡವೋ ಎಂದು ಕೇಳಿದರು. ಕೊಳ್ಳಿರಿ ಅಂದೆ. ನನ್ನ ತಂಗಿ ಈಗಲೂ ಅದರ ಮೇಲೆಯೇ ಹೋಗುತ್ತಾಳೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಹಳೆಯ ಗಾಡಿಯಾದರೆ ಬಣ್ಣ ನೋಡಬೇಡಿ, ಟೈರಿನ ಹಲ್ಲು ನೋಡಿ. ಸವೆದಿದ್ದರೆ ಹೊಸದು ಹಾಕಿಸದೆ ಅಂಗಡಿ ಬಿಡಬೇಡಿ. ಹಾರ್ನನ್ನು ಅಂಗಡಿಯೊಳಗೆ ಅಲ್ಲ, ಬಸ್ಸು ಓಡಾಡುವ ರಸ್ತೆಯಲ್ಲಿ ಒತ್ತಿ ನೋಡಿ. ಬಸ್ಸಿನ ಬೆನ್ನಿಗೆ ಅಂಟಿಕೊಂಡು ಹೋಗಬೇಡಿ, ಅದರ ಧೂಳಿನಲ್ಲಿ ನೀವು ಯಾರಿಗೂ ಕಾಣುವುದಿಲ್ಲ, ಕೇಳುವುದೂ ಇಲ್ಲ. ರಸ್ತೆಯ ಮೇಲೆ ಬೆಳೆ ಕಂಡರೆ ಅದಕ್ಕೆ ಮೊದಲೇ ವೇಗ ಇಳಿಸಿ, ಅದರ ಮೇಲೆ ಹೋಗಿ ಬ್ರೇಕ್ ಹಿಡಿಯಬೇಡಿ. ಹೆಲ್ಮೆಟ್ಟಿನ ಪಟ್ಟಿ ಬಿಗಿಯಿರಿ. ಹೊಲದವರೇ, ಯಂತ್ರದ ಬಾಡಿಗೆಗೆ ಚೌಕಾಸಿ ಮಾಡಿ, ಬೇಕಾದರೆ ನಾಲ್ಕು ಮನೆಯವರು ಸೇರಿ ಕರೆಸಿ. ರಸ್ತೆಯ ಮೇಲೆ ಮಾತ್ರ ರಾಶಿ ಬೇಡ, ಕಲ್ಲಂತೂ ಬೇಡವೇ ಬೇಡ. ಮನೆಯಲ್ಲಿ ಕಣ್ಣು ಮಂದವಾದವರಿದ್ದರೆ, ಬಸ್ಸು ಹೋಯಿತೆಂದು ಅವರು ರಸ್ತೆಗೆ ಇಳಿಯುವ ಮುನ್ನ ಅವರ ರಟ್ಟೆ ಹಿಡಿದು ನಿಲ್ಲಿಸಿ, ಬಸ್ಸು ಬಂದ ದಿಕ್ಕಿಗೆ ನೀವೇ ಇನ್ನೊಮ್ಮೆ ತಿರುಗಿ ನೋಡಿ.